ಚಕ್ರದ ಮೇಲಿನ ಬಟ್ಟೆ

ಮೀಟರಪ್ಪನವರ ಹೊಸ ಕಾರು ನೋಡಲು ಬಂದವರೆಲ್ಲ ಮೊದಲು ಬಾಗಿಲು ತೆಗೆಯುತ್ತಿದ್ದರು. ಮೀಟರಪ್ಪನವರಿಗೆ ಮೈ ಉರಿಯುತ್ತಿದ್ದದ್ದೇ ಅದಕ್ಕೆ. ಬಾಗಿಲು ಯಾವ ಕಾರಿಗಿಲ್ಲ? ಬಂದವರು ಮೊದಲು ಮಂಡಿಯೂರಬೇಕು, ಮುಂದಿನ ಚಕ್ರದ ಮೇಲೆ ಕೈ ತೂರಿಸಬೇಕು, ಮಡ್‌ಗಾರ್ಡಿನ ಒಳಮೈಯನ್ನು ಸವರಬೇಕು. ಅಲ್ಲಿ ಬೋಳು ಪ್ಲಾಸ್ಟಿಕ್ ಇರಲಿಲ್ಲ, ಬಟ್ಟೆಯಿತ್ತು. ಕಂಬಳಿಯಷ್ಟು ದಪ್ಪದ, ಕಲ್ಲು ಸಿಡಿದರೂ ನೀರು ಚಿಮ್ಮಿದರೂ ಸದ್ದನ್ನೆಲ್ಲ ನುಂಗಿಬಿಡುವ ಕಪ್ಪು ಬಟ್ಟೆ.

ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಅಳೆದೇ ತಲೆ ನರೆಸಿಕೊಂಡವರು ಅವರು (ಬೀದಿಯವರು ಆ ಹೆಸರಿಟ್ಟದ್ದೂ ಅದಕ್ಕೇ). ಷೋರೂಮಿನ ಹುಡುಗಿ ಎಂಜಿನ್ನಿನ ಮಹಿಮೆ ಬಣ್ಣಿಸುತ್ತಿದ್ದಾಗ ಇವರು ಚಕ್ರದ ಬಳಿ ಕುಕ್ಕರುಗಾಲಲ್ಲಿ ಕೂತು, ಎರಡು ಬೆರಳಿನ ನಡುವೆ ಬಟ್ಟೆಯ ಅಂಚು ಹಿಡಿದು, "ನೇಯ್ದಿದ್ದಲ್ಲ, ಒತ್ತಿದ್ದು. ಒಳ್ಳೆ ಮಾಲು. ಇದನ್ನೇ ಕೊಡಿ" ಎಂದಿದ್ದರು. ಲೈನಿಂಗ್ ನೋಡಿ ಕಾರು ಕೊಂಡ ಗಂಡ ತನಗೊಬ್ಬಳಿಗೇ ಸಿಕ್ಕಿರುವುದೆಂದು ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಳು.

ನಿಜ ಹೇಳಬೇಕೆಂದರೆ ಮೀಟರಪ್ಪನವರಿಗೆ ಬೇಕಾಗಿದ್ದದ್ದು ಅತ್ತೆಯ ಬಾಯಿಂದ ಒಂದೇ ಒಂದು ಮೆಚ್ಚುಗೆಯ ಮಾತು. ಮದುವೆಯಾದಂದಿನಿಂದ ಅವರ ಪಾಲಿಗೆ ಬಂದದ್ದು "ಪಾಪ, ಒಳ್ಳೆಯವರು" ಎಂಬುದಷ್ಟೇ. ಮಿಕ್ಕ ಹೊಗಳಿಕೆಯೆಲ್ಲ ಕಿರಿಯ ಅಳಿಯನಿಗೆ ಹೋಗುತ್ತಿತ್ತು. ಈ ಷಡ್ಡಕ ಟೈಲ್ಸ್ ವ್ಯಾಪಾರಿ. ಅವನ ಕಾರಿನ ಸೂರು ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತಿತ್ತು.

ಭಾನುವಾರ ಅದೇ ಕಾರಿನಲ್ಲಿ ಅತ್ತೆಯ ಸವಾರಿ ಬಂತು.

"ಏನಣ್ಣ, ಕಾರಿಗೆ ಸ್ವೆಟರ್ ಹಾಕ್ಸಿದ್ದೀರಂತೆ" ಎಂದ ಷಡ್ಡಕ.

"ನಿಮ್ದನ್ನೂ ಮುಟ್ಟಿ ನೋಡಿ. ಬಕೆಟ್ ಮುಟ್ಟಿದ ಹಾಗಿರುತ್ತೆ."

"ಕಾಣದ ಜಾಗಕ್ಕೆ ಬಟ್ಟೆ ಯಾಕಪ್ಪ?" ಎಂದರು ಅತ್ತೆ.

"ಅಮ್ಮ, ಒಂದ್ಸಲ ಮುಟ್ಬಿಡು" ಎಂದಳು ಹೆಂಡತಿ. "ಅಲ್ಲೀವರೆಗೂ ಇವರು ಯಾರನ್ನೂ ಊಟಕ್ಕೆ ಬಿಡಲ್ಲ."

"ಮುಟ್ಟೋದೂ ಬೇಡ. ಸುಮ್ನೆ ಕೂತು ಕೇಳಿ" ಎಂದು ಮೀಟರಪ್ಪನವರು ಎಲ್ಲರನ್ನೂ ಕಾರಿಗೆ ಹತ್ತಿಸಿ, ಬಡಾವಣೆಯಾಚೆ ಡಾಂಬರು ಕಾಣದ ಜಲ್ಲಿ ರಸ್ತೆಗೆ ಗಾಡಿ ಇಳಿಸಿಯೇಬಿಟ್ಟರು.

ಇಲ್ಲೊಂದು ಗುಟ್ಟು ಹೇಳಬೇಕು. ಹಳೆಯ ಕಾರು ಇಂಥ ರಸ್ತೆಗಿಳಿದರೆ ಕಲ್ಲುಗಳು ಬಡಿಯುವ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆ ಗದ್ದಲದ ಮರೆಯಲ್ಲಿ ಮೀಟರಪ್ಪನವರು ಅತ್ತೆಗೆ ಕೊಡಬೇಕಾದ ಉತ್ತರಗಳನ್ನೆಲ್ಲ ಸ್ಟೀರಿಂಗಿಗೆ ಕೊಟ್ಟು ಎದೆ ಹಗುರ ಮಾಡಿಕೊಳ್ಳುತ್ತಿದ್ದರು. ಎಷ್ಟೋ ವರ್ಷಗಳ ಅಭ್ಯಾಸ. ಜಲ್ಲಿ ಕಂಡರೆ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

"ಚೆನ್ನಾಗೇನೋ ಇದೆ" ಎಂದರು ಹಿಂದಿನ ಸೀಟಿನಿಂದ ಅತ್ತೆ. "ಆದ್ರೂ ಚಿಕ್ಕಳಿಯಂದಿರ ಗಾಡೀಲಿ ಕೂತರೆ ಆಕಾಶ ಕಾಣುತ್ತೆ."

"ಆಕಾಶ ಬೇಕಾದ್ರೆ ತಾರಸಿ ಹತ್ತಿ ಕೂತ್ಕೊಳ್ಳಲಿ, ಬೇಡ ಅಂದೋರ್ಯಾರು" ಎಂದು ಮೀಟರಪ್ಪನವರು ಸ್ಟೀರಿಂಗಿಗೆ ಹೇಳಿದರು. "ಈ ಬಟ್ಟೇಲಿ ಇನ್ನೊಂದು ತುಂಡು ಸಿಕ್ಕಿದ್ರೆ ಹಿಂದಿನ ಸೀಟಿನ ಬಾಯಿಗೂ ಒಂದು ಹೊದಿಸ್ತಿದ್ದೆ."

ಬಟ್ಟೆ ಸದ್ದು ನುಂಗುತ್ತದೆಂದು ಕಂಪನಿಯವರು ಹೇಳಿದ್ದು ಸುಳ್ಳಾಗಿರಲಿಲ್ಲ. ಒಂದು ಕಲ್ಲಿನ ಸದ್ದೂ ಇರಲಿಲ್ಲ. ಹೆಂಡತಿ ಕಿಟಕಿಯ ಕಡೆ ಮುಖ ತಿರುಗಿಸಿದಳು. ಷಡ್ಡಕನಿಗೆ ಕೆಮ್ಮು ಬಂತು.

"ಗಾಡಿ ನಿಲ್ಸಿ" ಎಂದರು ಅತ್ತೆ.

ಅವರು ಇಳಿದರು. ಮಂಡಿನೋವೆಂದು ಸೋಫಾದಿಂದ ಏಳಲೂ ಒಬ್ಬರ ಕೈ ಕೇಳುವ ಹೆಂಗಸು ಜಲ್ಲಿಯ ಮೇಲೆ ಬಗ್ಗಿ, ಚಕ್ರದ ಮೇಲೆ ಕೈ ತೂರಿಸಿ, ಬಟ್ಟೆಯನ್ನು ಸಾವಕಾಶವಾಗಿ ಸವರಿದರು.

"ಅಳಿಯಂದಿರೇ, ನೀವು ಹೇಳಿದ್ದು ನಿಜ. ಇಂಥ ಬಟ್ಟೆ ನಾನು ಎಲ್ಲೂ ಕಂಡಿಲ್ಲ. ನೀವು ಹಲ್ಲಿನ ಸಂದೀಲಿ ಅಂದಿದ್ದೂ ಒಂದಕ್ಷರ ಬಿಡದೆ ಕೇಳಿಸ್ತು. ಇನ್ಮೇಲೆ ನಾನು ಎಲ್ಲಿಗೆ ಹೋಗೋದಿದ್ರೂ ನಿಮ್ಮ ಗಾಡೀಲೇ. ಮುಂದಿನ ಸೀಟಲ್ಲಿ."

ಮನೆಗೆ ಮರಳಿದ ಮೇಲೆ ಷಡ್ಡಕ ತನ್ನ ಕಾರಿನ ಚಕ್ರದ ಮೇಲಿನ ಪ್ಲಾಸ್ಟಿಕ್ಕನ್ನು ಪ್ರೀತಿಯಿಂದ ತಟ್ಟಿ, "ಅಣ್ಣ, ನಂಗೆ ಇದೇ ಸಾಕು" ಎಂದು ಪಿಸುಗುಟ್ಟಿದ.

ಇಷ್ಟಾದರೂ ಮೀಟರಪ್ಪನವರ ಎದೆ ಉಬ್ಬಿಯೇ ಇತ್ತು. ಕೇಳಿದ್ದು ಸಿಕ್ಕಿತ್ತಲ್ಲ. ಮರುದಿನ ಅಂಗಡಿಯಲ್ಲಿ ಪರದೆ ಬಟ್ಟೆ ಕತ್ತರಿಸುತ್ತ, "ನಮ್ಮ ಕಾರಿನ ಬಟ್ಟೆಯಂಥದ್ದು ಎಲ್ಲೂ ಕಂಡಿಲ್ಲ ಅಂತ ನಮ್ಮತ್ತೆಯವರೇ ಅಂದರು" ಎಂದು ಗಿರಾಕಿಗೆ ಹೇಳಿದರು. ಗಿರಾಕಿಗೆ ಆಸೆಯಾಯಿತು. ತಾನೂ ಒಂದು ಸುತ್ತು ಕೂತು ನೋಡಬಹುದೇ ಎಂದು ಕೇಳಿದ.

"ಅದಕ್ಕೇನಂತೆ, ಹೊರಗೇ ನಿಂತಿದೆ" ಎಂದು ಮೀಟರಪ್ಪನವರು ಹೆಮ್ಮೆಯಿಂದ ಹೇಳಿ, ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಹಿಂದೆ ಕೂತ್ಕೊಳ್ಳಿ. ಮಾತು ಮಾತ್ರ ಆಡ್ಬೇಡಿ. ಅತ್ತೆಯವರು ಬೆಳಗ್ಗೆಯಿಂದ ಮುಂದಿನ ಸೀಟಲ್ಲೇ ಇದ್ದಾರೆ."