ಬಾಂಬರಿನ ಬಾಲಕ್ಕೊಂದು ಕೆಂಪು ಅಂಚು

ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ, ಅದರಲ್ಲೂ ನನ್ನ ನೆನಪಿನ ಮೇಲೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಬರೆಯುವುದರಲ್ಲಿ ಒಂದೆರಡು ವಿವರ ಹೆಚ್ಚುಕಮ್ಮಿಯಾಗಿರಬಹುದು. ಲಾರಿ ಬಂದದ್ದು ಮಂಗಳವಾರವೋ ಗುರುವಾರವೋ ಎಂದೆಲ್ಲ ಕೇಳಬೇಡಿ. ನಾವು ಆಡಿದ ಮಾತೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ದಾರಿಯಲ್ಲಿ ಸ್ವಲ್ಪ ಖಾರ ಚೆಲ್ಲಿರಬಹುದು. ಇತಿಹಾಸದಲ್ಲಿ ಎಂ.ಎ. ಮಾಡಿ ಮಕ್ಕಳಿಗೆ ಪಾಠ ಹೇಳಿದವಳು ಹೀಗೆ ಒಪ್ಪಿಕೊಳ್ಳಬಾರದು ನಿಜ. ಆದರೆ ಎಂ.ಎ.ಯಲ್ಲಿ ನಾನು ಕಲಿತದ್ದು ಅದೊಂದೇ: ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಎರಡು ಸಲ ಪರೀಕ್ಷಿಸಬೇಕು. ಕಂಡವಳು ನಾನೇ ಆಗಿದ್ದರೆ ಮೂರು ಸಲ. ಕಾಸರಗೋಡು ಕಡೆಯ ನಮ್ಮ ಮಂಗಲ್ಪಾಡಿಯಲ್ಲಿ ಯುದ್ಧಕಾಲದ ಬಾಂಬರ್ ವಿಮಾನದ ಬಾಲವೊಂದು ತಯಾರಾಯಿತು ಎಂಬುದರಲ್ಲಿ ಮಾತ್ರ ಯಾವ ಸಂಶಯವೂ ಇಲ್ಲ. ಅದನ್ನು ಹೊಲಿದ ಸೂಜಿ ನನ್ನ ಹೆಬ್ಬೆರಳಿಗೆ ಚುಚ್ಚಿದ ಗುರುತು ಈಗಲೂ ಉಂಟು.

ನನ್ನ ಅಣ್ಣ ವಾಮನ ವಾಯುಸೇನೆಯಲ್ಲಿ ಫಿಟ್ಟರ್ ಆಗಿದ್ದವನು. ಹದಿನೆಂಟಕ್ಕೆ ಮನೆ ಬಿಟ್ಟು ಅವನು ಸೇನೆ ಸೇರಿದ ಹೊಸತರಲ್ಲಿ ಮಹಾಯುದ್ಧದ ಕಾಲದ ಲಿಬರೇಟರ್ ಎಂಬ ದೊಡ್ಡ ಬಾಂಬರುಗಳು ಕೆಲವು ಇನ್ನೂ ಹಾರುತ್ತಿದ್ದವಂತೆ. ನಾಲ್ಕು ಎಂಜಿನ್, ಹಿಂದೆ ಬಾಲಕ್ಕೆ ಎಡಕ್ಕೊಂದು ಬಲಕ್ಕೊಂದು ಚುಕ್ಕಾಣಿ. ಮೊದಲ ಪ್ರೀತಿ ಎನ್ನುತ್ತಾರಲ್ಲ, ಅಣ್ಣನಿಗೆ ಅದು ಈ ವಿಮಾನದ ಮೇಲೆ ಆದದ್ದು. ಅತ್ತಿಗೆಗೂ ಗೊತ್ತು, ಅವರು ಕ್ಷಮಿಸಿದ್ದಾರೆ. ನಿವೃತ್ತನಾಗಿ ಊರಿಗೆ ಬಂದು ಎಷ್ಟೋ ವರ್ಷಗಳ ಮೇಲೆ, ಅವನೂ ಅವನ ಹಳೆಯ ಜತೆಗಾರರೂ ಒಂದು ತೀರ್ಮಾನ ಮಾಡಿದರು. ಅಲ್ಲಿ ಇಲ್ಲಿ ಗುಜರಿಯಲ್ಲಿ ಬಿದ್ದಿದ್ದ ತುಂಡುಗಳನ್ನು ಹುಡುಕಿ ತರುವುದು, ಸಿಗದ್ದನ್ನು ಹೊಸದಾಗಿ ಮಾಡುವುದು, ಒಂದು ಇಡೀ ಬಾಂಬರನ್ನು ಮತ್ತೆ ಜೋಡಿಸಿ ನಿಲ್ಲಿಸುವುದು. ಹಾರಿಸುವುದಕ್ಕಲ್ಲ, ಮುಂದಿನವರು ನೋಡುವುದಕ್ಕೆ. ಸಂಬಳವಿಲ್ಲ, ಬಿರುದಿಲ್ಲ. ಮೂತಿ, ರೆಕ್ಕೆ, ಹೊಟ್ಟೆಗಳೆಲ್ಲ ಘಟ್ಟದಾಚೆಯವರಿಗೆ ಹಂಚಿಹೋಗಿ, ನಮ್ಮ ಪಾಲಿಗೆ ಬಾಲ ಬಂತು. ಬೇರೆಯವರಿಗೆಲ್ಲ ಎಂಜಿನ್ ಕೊಟ್ಟು ನಿನಗೆ ಬಾಲವಾ ಎಂದು ನಾನು ಕೇಳಿದ್ದಕ್ಕೆ, ಬಾಲ ಇಲ್ಲದ ವಿಮಾನ ನಿನ್ನ ಮಾತಿನ ಹಾಗೆ ಎಲ್ಲಿಗೆ ಬೇಕಾದರೂ ಹೋದೀತು ಎಂದ.

ಲಾರಿಯಿಂದ ಇಳಿದದ್ದನ್ನು ನೋಡಿ ನನಗೆ ಅಳುವುದೊಂದು ಬಾಕಿ. ಬಂಗುಡೆ ಮೀನು ತಿಂದು ತಟ್ಟೆಯ ಬದಿಗಿಟ್ಟ ಮುಳ್ಳಿನ ಹಾಗಿತ್ತು, ಅದರಲ್ಲೂ ಅರ್ಧ ಮುಳ್ಳನ್ನು ಬೆಕ್ಕು ಎತ್ತಿಕೊಂಡು ಹೋದ ಹಾಗೆ. ಆಗ ಕೈಹಾಕಿದವರು ಅದ್ರಾಮಿಚ್ಚ. ಶಾರ್ಜಾದಲ್ಲಿ ಇಪ್ಪತ್ತು ವರ್ಷ ಅಲ್ಯೂಮಿನಿಯಂ ಕಿಟಕಿ ಮಾಡಿ ಊರಿಗೆ ಮರಳಿದವರು, ನಮ್ಮ ಪಕ್ಕದ ಮನೆಯವರು. ಮುಳ್ಳಿನ ರಾಶಿಯ ಸುತ್ತ ಮೂರು ಸುತ್ತು ಬಂದು, ಇದು ಗಾಜಿಲ್ಲದ ಕಿಟಕಿ ಅಷ್ಟೇ, ಆಗ್ತದೆ ಎಂದರು. ಹಳೆಯ ಮರದ ಮಿಲ್ಲಿನ ಶೆಡ್ಡಿನಲ್ಲಿ ಅವರೂ ಅಣ್ಣನೂ ಕೂತು, ಚೌಕಟ್ಟಿನಲ್ಲಿ ಸರಿಯಿರುವ ಒಂದು ಪಕ್ಕೆಲುಬನ್ನು ಮಾದರಿ ಇಟ್ಟುಕೊಂಡು ಇಲ್ಲದ ಪಕ್ಕೆಲುಬುಗಳನ್ನೆಲ್ಲ ತಟ್ಟಿ ಬಾಗಿಸಿ ಮಾಡಿದರು. ಹಳತು ಯಾವುದು ಹೊಸತು ಯಾವುದು ಎಂದು ಕಣ್ಣುಮುಚ್ಚಿ ಸವರಿದರೆ ತಿಳಿಯದು. ಇದು ದುಬಾಯಿಗೆ ಯಾವಾಗ ಹೊರಡುವುದು ಎಂದು ದಾರಿಹೋಕರು ಕೇಳಿದರೆ ಅದ್ರಾಮಿಚ್ಚ ನಗದೆ, ಬಾಲ ಈ ತಿಂಗಳು ಹೋಗ್ತದೆ, ಸೀಟು ಬರುವ ವರ್ಷ ಎನ್ನುತ್ತಿದ್ದರು.

ನನ್ನ ಕೆಲಸ ದಾಖಲೆ ಬರೆಯುವುದು. ಪ್ರತಿದಿನ ಡೈರಿ ಬರೆಯುವವಳೆಂಬ ಒಂದೇ ಕಾರಣಕ್ಕೆ ಅಣ್ಣ ಅದನ್ನು ನನಗೆ ವಹಿಸಿದ. ಹಾಗೆ ಬರೆಯುವಾಗಲೇ ನನಗೆ ಗೊತ್ತಾದದ್ದು, ಅಷ್ಟು ದೊಡ್ಡ ಬಾಂಬರಿನ ಚುಕ್ಕಾಣಿಗೆ ಹೊದಿಸುವುದು ತಗಡಲ್ಲ, ಬಟ್ಟೆ ಎಂದು. ಪಕ್ಕೆಲುಬುಗಳ ಮೇಲೆ ಬಟ್ಟೆ ಎಳೆದು ಹೊಲಿದು, ಡೋಪ್ ಎಂಬ ವಾರ್ನಿಶಿನಂಥ ದ್ರವ ಬಳಿದರೆ ಅದು ಬಿಗಿದುಕೊಳ್ಳುತ್ತದೆ. ದಟ್ಟವಾಗಿ ನೇಯ್ದ ಹತ್ತಿಯ ಬಟ್ಟೆ ಆಗಬಹುದು ಎಂದು ಅಣ್ಣನ ಹಳೆಯ ಕೈಪಿಡಿಯಲ್ಲಿತ್ತು. ಹತ್ತಿಯ ಬಟ್ಟೆ ಎಂದ ಮೇಲೆ ನಾವು ಬೇರೆ ಎಲ್ಲಿಗೆ ಹೋಗಬೇಕು? ನಾವು ನೇಕಾರರ ಮನೆಯವರು. ನಮ್ಮ ಮಾಮಿ, ಎಂದರೆ ಅಪ್ಪನ ತಂಗಿ, ಕಾಸರಗೋಡು ಸೀರೆ ನೇಯುವುದರಲ್ಲಿ ಹೆಸರಾದವರು. ಆದರೆ ಎಪ್ಪತ್ತು ದಾಟಿ, ಒಂದು ಕಣ್ಣಿಗೆ ಆಪರೇಷನ್ ಆದ ಮೇಲೆ, ಇನ್ನು ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದು ನೇಕಾರರ ಸಂಘದವರು ನಯವಾಗಿ ನೂಲು ಕೊಡುವುದನ್ನು ನಿಲ್ಲಿಸಿದ್ದರು. ಮಾಮಿಯ ಮನೆಯ ಮಗ್ಗ ಸುಮ್ಮನೆ ನಿಂತಿತ್ತು, ಮಾಮಿ ಮಾತ್ರ ಸುಮ್ಮನೆ ಇರಲಿಲ್ಲ. ಅಣ್ಣನಿಗೆ ಅಳುಕು. ಕೊನೆಗೆ ಒಂದು ಚುಕ್ಕಾಣಿಗಾಗುವಷ್ಟು ಬಟ್ಟೆ ಮಾಮಿ ನೇಯಲಿ, ಅದು ಪಾಸಾದರೆ ಇನ್ನೊಂದಕ್ಕೂ ಅವರದ್ದೇ, ಇಲ್ಲವಾದರೆ ಮಿಲ್ಲಿನ ಬಟ್ಟೆ ಎಂದು ನಿಶ್ಚಯವಾಯಿತು. ಅಳತೆ ಹೇಳಿ, ಬರೀ ಬಿಳಿ ಸಾಕು ಎಂದು ತಿಳಿಸಿ ಬರಲು ನನ್ನನ್ನೇ ಕಳುಹಿಸಿದರು.

ತಿಂಗಳು ಕಳೆದು ಮಾಮಿ ಬಟ್ಟೆಯನ್ನು ಸೀರೆಯ ಹಾಗೆ ಮಡಚಿ ತಲೆಯ ಮೇಲೆ ಇಟ್ಟುಕೊಂಡು ಶೆಡ್ಡಿಗೆ ಬಂದರು. ಅಣ್ಣ ಮೇಜಿನ ಮೇಲೆ ಬಿಚ್ಚಿ ಹಾಸಿದ. ಹೊಳೆಯುವ ಬಿಳಿ, ನೀರು ಹೊಯ್ದರೂ ಇಳಿಯದಷ್ಟು ದಟ್ಟ. ಎರಡೂ ಬದಿಗೆ ಒಂದೂವರೆ ಬೆರಳಗಲದ ಕೆಂಪು ಅಂಚು.

“ಎಂತ ಮಾಮೀ ಇದು?”

“ಅಂಚು.”

“ಬಾಂಬರಿಗೆ ಯಾಕೆ ಅಂಚು?”

“ಮೈ ಒರಸುವ ಬೈರಾಸಿಗೂ ಅಂಚುಂಟು ಮಗಾ,” ಎಂದರು ಮಾಮಿ. “ನಿನ್ನ ವಿಮಾನ ಬೈರಾಸಿಗಿಂತ ಕಡಿಮೆಯಾ?”

ಅದ್ರಾಮಿಚ್ಚ ಗೋಡೆಯ ಕಡೆ ತಿರುಗಿ ಏನನ್ನೋ ಹುಡುಕತೊಡಗಿದರು, ಅವರ ಬೆನ್ನು ಮಾತ್ರ ಕುಣಿಯುತ್ತಿತ್ತು. ಕತ್ತರಿಸಿ ತೆಗೆಯುವ ಹಾಗಿರಲಿಲ್ಲ. ಅಗಲ ಸರಿಯಾಗಿ ಚುಕ್ಕಾಣಿಯಷ್ಟೇ ಇತ್ತು, ಅಂಚು ಹೋದರೆ ಮೂರು ಬೆರಳು ಕಡಿಮೆ. ಅಣ್ಣನ ನಿಜವಾದ ಭಯ ಬೇರೆ. ಸೀರೆಯ ಅಂಚು ಸಾಮಾನ್ಯವಾಗಿ ಮೈಗಿಂತ ದಪ್ಪ. ಡೋಪ್ ಬಿದ್ದಾಗ ಮೈ ಒಂದು ಥರ, ಅಂಚು ಒಂದು ಥರ ಎಳೆದರೆ ಚುಕ್ಕಾಣಿಯೇ ಸೊಟ್ಟಗಾದೀತು. ಅವನು ನನ್ನನ್ನು ಬಾಗಿಲ ಹೊರಗೆ ಕರೆದು ತಗ್ಗಿದ ದನಿಯಲ್ಲಿ, “ಮಾಮಿಗೆ ವಯಸ್ಸಾಯ್ತು ಮಾರಾಯ್ತಿ. ಹೇಳಿದ್ದು ತಲೆಯಲ್ಲಿ ನಿಲ್ಲುದಿಲ್ಲ. ಮಿಲ್ಲಿನದ್ದೇ ತರಿಸುವ,” ಎಂದ. ವಾಯುಸೇನೆಯಲ್ಲಿ ಎಂಜಿನ್ನಿನ ಪಕ್ಕ ನಿಂತು ಮಾತಾಡಿ ಅಭ್ಯಾಸವಾದವನ ತಗ್ಗಿದ ದನಿ ಅದು. ಒಳಗೆ ಮಾಮಿ ಬಟ್ಟೆ ಮಡಚಲು ತೊಡಗಿದ್ದು ಕಂಡಿತು.

ಆ ಬೆರಳುಗಳು ಮಡಚುವುದನ್ನು ನೋಡಲಾಗದೆ ನಾನು ಒಳಗೆ ಹೋಗಿ ಎಲ್ಲರಿಗೂ ಕೇಳುವ ಹಾಗೆ, ತಪ್ಪು ನನ್ನದು, ಅಂಚು ಬೇಡ ಎಂದು ಹೇಳಲು ನಾನೇ ಮರೆತೆ ಎಂದೆ. ಎಷ್ಟು ದೊಡ್ಡ ಮನಸ್ಸು ನನ್ನದು ಎಂದು ನನಗೇ ಅನ್ನಿಸಿತು. ಇಲ್ಲ ಮಗಾ, ನೀನು ಹೇಳಿದ್ದಿ ಎಂದು ಮಾಮಿ ಸ್ವಲ್ಪವಾದರೂ ತಡೆದಾರು ಎಂದುಕೊಂಡಿದ್ದೆ. ಮಾಮಿ ನನ್ನ ಹಿಂದೆಯೇ ಒಳಬಂದ ಅಣ್ಣನ ಮುಖ ನೋಡಿ, “ಹೌದು. ಇವಳು ಹೇಳ್ಲಿಲ್ಲ,” ಎಂದುಬಿಟ್ಟರು. ಟೀಚರಿಗೆ ಪಾಠ ಮರೆತುಹೋಯ್ತು ಎಂದು ಅದ್ರಾಮಿಚ್ಚ ಒಂದು ತಿಂಗಳು ಆಡಿಕೊಂಡರು. ನಿಜವಾಗಿ ಹೇಳಿದ್ದೆನೋ ಇಲ್ಲವೋ ಎಂದು ಆ ಸಂಜೆ ಡೈರಿ ತೆಗೆದು ನೋಡಿದೆ. ಮಾಮಿಯ ಮನೆಗೆ ಹೋದ ದಿನದ ಪುಟದಲ್ಲಿ ನೀರುದೋಸೆ ಎಷ್ಟು ತೆಳ್ಳಗಿತ್ತು, ಬೂತಾಯಿ ಮೀನಿನ ಪುಳಿಮುಂಚಿ ಸಾರಿಗೆ ಶುಂಠಿ ಎಷ್ಟು ಹೆಚ್ಚಾಗಿತ್ತು ಎಂಬುದೆಲ್ಲ ವಿವರವಾಗಿತ್ತು. ವಿಮಾನದ ಬಗ್ಗೆ ಇದ್ದದ್ದು ಒಂದೇ ಸಾಲು: “ವಿಷಯ ತಿಳಿಸಿದೆ.” ಮುಂದಿನ ಇತಿಹಾಸಕಾರರು ನನ್ನನ್ನು ಶಪಿಸಲಿ.

ತಪ್ಪು ಮಾಮಿಯದಲ್ಲ ಎಂದಾದ ಮೇಲೆ ಅಣ್ಣನಿಗೆ ಬಟ್ಟೆಯನ್ನು ಪರೀಕ್ಷಿಸದೆ ಹಿಂದೆ ಕಳುಹಿಸುವ ಮನಸ್ಸಾಗಲಿಲ್ಲ. ಹೊದಿಸಿ ಹೊಲಿಯುವುದಕ್ಕೇ ವಾರಗಳು ಹಿಡಿದವು. ಮೇಣ ಹಚ್ಚಿದ ದಾರ, ಗೇಣುದ್ದದ ಸೂಜಿ, ಎರಡು ಬೆರಳಿಗೊಂದು ಗಂಟು. ನಾನು ಹಾಕಿದ ಗಂಟುಗಳನ್ನು ಅಣ್ಣ ಒಂದೂ ಬಿಡದೆ ಬಿಚ್ಚಿದ. ಬಿಚ್ಚುವುದಕ್ಕೂ ಒಂದು ಕಲೆ ಬೇಕು ಎಂದು ನನ್ನನ್ನು ಸಮಾಧಾನಪಡಿಸಿದ. ಡೋಪ್ ಬಳಿದ ದಿನ ಶೆಡ್ಡೆಲ್ಲ ಉಗುರಿನ ಬಣ್ಣದ ವಾಸನೆ. ಒಣಗಿದ ಮೇಲೆ ಅಣ್ಣ ಬೆರಳ ಗಂಟಿನಿಂದ ಮೆಲ್ಲನೆ ಬಡಿದ. ಚೆಂಡೆ. ನಡುವಿನಲ್ಲಿ ಚೆಂಡೆಯ ಸದ್ದು, ಅಂಚಿನಲ್ಲೂ ಅದೇ ಚೆಂಡೆ, ಒಂದು ಸುಕ್ಕಿಲ್ಲ. ಮಾಮಿ ಮೂಲೆಯಲ್ಲಿ ಕೂತಲ್ಲಿಂದಲೇ ಹೇಳಿದರು: “ನೂಲು ಒಂದೇ. ಬಣ್ಣ ಮಾತ್ರ ಬೇರೆ.”

ಮೇಲಿಂದ ಬೆಳ್ಳಿ ಬಣ್ಣ ಮೂರು ಸಲ ಬಿದ್ದು ಕೆಂಪು ಪೂರ್ತಿ ಮುಚ್ಚಿಹೋಯಿತು. ಪರೀಕ್ಷೆಗೆ ಘಟ್ಟದಾಚೆಯಿಂದ ಒಬ್ಬ ಹಿರಿಯ ನಿವೃತ್ತ ಅಧಿಕಾರಿ ಬಂದಾಗ ಅಣ್ಣ ಅಂಚಿನ ಸುದ್ದಿ ಎತ್ತಲಿಲ್ಲ. ಆದರೆ ಒಳಗಿನ ಗಂಟುಗಳನ್ನು ನೋಡಲೆಂದು ಚುಕ್ಕಾಣಿಯಲ್ಲೇ ಒಂದು ಸಣ್ಣ ಕಿಂಡಿ ಇರುತ್ತದೆ. ಅವರು ಟಾರ್ಚಿನ ಬೆಳಕು ಬಿಟ್ಟು ಅದರಲ್ಲಿ ಕಣ್ಣಿಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಈ ಕೆಂಪು ಗೆರೆ ಏನು ಎಂದು ಹಿಂದಿಯಲ್ಲಿ ಕೇಳಿದರು. ಅಣ್ಣ ಎರಡೂ ಕಾಲು ಜೋಡಿಸಿ, ಸಮವಸ್ತ್ರದಲ್ಲಿದ್ದವನ ಹಾಗೆ ನೆಟ್ಟಗೆ ನಿಂತು, ಅದು ನಮ್ಮ ಮಾಮಿಯ ಅಂಚು ಸರ್, ನಮ್ಮ ಮನೆಯದ್ದು ಎಂದ. ಅಧಿಕಾರಿ ಬಟ್ಟೆಯನ್ನು ಬಡಿದು ನೋಡಿದರು. ಎರಡು ಚುಕ್ಕಾಣಿಯೂ ಒಂದೇ ಸಮ ಎಳೆಯಬೇಕು, ಆದ್ದರಿಂದ ಇನ್ನೊಂದರ ಬಟ್ಟೆಯೂ ಇದೇ ಕೈಯಿಂದ ಬರಲಿ ಎಂದು ಬರೆದು ಸಹಿ ಹಾಕಿದರು. ಆ ಕಾಗದವನ್ನು ಮಾಮಿ ಸಂಘದ ಆಫೀಸಿಗೆ ಒಯ್ದು ಸುಮ್ಮನೆ ತೋರಿಸಿ ಬಂದರಂತೆ. ಯಾರಿಂದ ಕೇಳಿದೆ ಎಂಬುದು ನೆನಪಿಲ್ಲ, ಆದರೆ ನಂಬುತ್ತೇನೆ. ಊರಿನವರು ಈಗ ಬಾಲ ನೋಡಲು ಬಂದರೆ ನೇರ ಆ ಕಿಂಡಿಗೇ ಹೋಗುತ್ತಾರೆ. ಟಾರ್ಚ್ ಹಿಡಿಯುವುದು ಅಣ್ಣ. ಅದನ್ನು ಬೇರೆಯವರಿಗೆ ಕೊಡುವುದಿಲ್ಲ.

ಎರಡನೇ ಬಟ್ಟೆಯ ಕೆಲಸ ಶುರುವಾದಾಗ ಒಂದು ಬೆಳಿಗ್ಗೆ ಮಾಮಿಯ ಮನೆಗೆ ಹೋದೆ. ಮಗ್ಗಕ್ಕೆ ಹಾಸು, ಎಂದರೆ ಉದ್ದದ ಎಳೆಗಳನ್ನು, ಏರಿಸುತ್ತಿದ್ದರು. ಬಿಳಿ ಎಳೆಗಳು ಸಾಲಾಗಿ ಬಂದು, ಬದಿಗೆ ಬಂದಾಗ ಕೆಂಪು ಎಳೆ ಶುರುವಾಯಿತು. ಒಂದೊಂದಾಗಿ, ಲೆಕ್ಕವಿಟ್ಟು. ಮಗ್ಗದ ಸದ್ದಿನಲ್ಲೇ ಬೆಳೆದು, ಓದುವುದಕ್ಕೆ ತೊಂದರೆ ಎಂದು ಆ ಕೋಣೆಯ ಬಾಗಿಲು ಮುಚ್ಚುತ್ತಿದ್ದ ನನಗೆ ಆಗ ಹೊಳೆಯಿತು: ಅಂಚು ನೇಯುವಾಗ ಕೈತಪ್ಪಿ ಬರುವಂಥದ್ದಲ್ಲ. ಅಡ್ಡ ಎಳೆಯ ಲಾಳಿ ಒಂದು ಸಲ ಓಡುವ ಮೊದಲೇ ಅದು ಹಾಸಿನಲ್ಲಿ ಇರಬೇಕು. ಅಭ್ಯಾಸಬಲ, ಮರೆವು, ವಯಸ್ಸು ಎಂದು ನಾವು ಹೇಳಿದ ಯಾವುದಕ್ಕೂ ಅಲ್ಲಿ ಜಾಗವೇ ಇಲ್ಲ. ಹಾಗಾದರೆ ಅಷ್ಟು ಜನರ ಎದುರು ನಾನು ಹೊತ್ತುಕೊಂಡ ಆ ತಪ್ಪು ಯಾರದ್ದು?

“ಮಾಮೀ,” ಎಂದೆ, “ಅಂಚು ಬೇಡ ಅಂತ ನಾನು ಅವತ್ತು ಹೇಳಿದ್ದೆ ಅಲ್ವಾ?”

ಮಾಮಿ ಎಳೆ ಎಣಿಸುತ್ತಿದ್ದರು. ಎಳೆ ಎಣಿಸುವವರನ್ನು ಮಾತಾಡಿಸಬಾರದು ಎಂಬುದು ನಮ್ಮ ಮನೆಯ ನಿಯಮ. ಅದಾಗಿ ಒಂದು ಮಳೆಗಾಲ ಕಳೆದಿದೆ. ಈ ಪ್ರಶ್ನೆಯ ಮಟ್ಟಿಗೆ ಅವರು ಇನ್ನೂ ಎಣಿಸುತ್ತಲೇ ಇದ್ದಾರೆ.