ಮೇಷ್ಟ್ರ ಮೋಟಾರಿಗೆ ಜ್ವರ

ನನ್ನ ಗೆಳೆಯ ಹುಲುಗಪ್ಪ ಹೋದ ತಿಂಗಳು ಹನ್ನೊಂದನೇ ತಾರೀಕು ತೀರಿಕೊಂಡ. ಎದೆನೋವು ಎರಡನೇ ಸಲ ಬಂತು, ಆಸ್ಪತ್ರೆ ಮುಟ್ಟಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಮೂವತ್ತೈದು ವರ್ಷ ಮೋಟಾರ್ ವೈಂಡಿಂಗ್ ಮಾಡಿದವನು. ಅವನ ಫೋಟೊ ಎಲ್ಲಿ ಹಾಕಬೇಕೆಂದು ನಾನು ಯೋಚಿಸಬೇಕಾಗಲಿಲ್ಲ. ನಮ್ಮ ಹಿತ್ತಲ ಶೆಡ್ಡಿನಲ್ಲಿ, ಲೇಥಿನ ಮೇಲ್ಗಡೆ ಗೋಡೆಯಲ್ಲಿ, ಒಂದು ಮೊಳೆ ಮೊದಲೇ ಇತ್ತು. ಅದು ಅಲ್ಲಿಗೆ ಬಂದ ಕತೆ ನನ್ನ ಮಾನ ತೆಗೆಯುವಂಥದ್ದು. ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ಹಾಗಾಗಿ ನಾನೇ ಹೇಳಬೇಕು. ಅವನ ಮಗಳು ಕ್ರಾಂತಿ ಓದಿ ಬೈದರೆ ಬೈಯಲಿ.

ನಾನು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವನು. ವಿದ್ಯುತ್ ಮೋಟಾರಿನ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆದು ಭಾಗಗಳನ್ನು ಗುರುತಿಸಬಲ್ಲೆ! ಹನ್ನೊಂದು ವರ್ಷದ ಹಿಂದೆ ಮರ ಕಡೆಯುವ ಹಳೇ ಲೇಥ್ ಒಂದನ್ನು ಹವ್ಯಾಸಕ್ಕೆಂದು ಕೊಂಡೆ. ಅದರ ಸಿಂಗಲ್ ಫೇಸ್ ಮೋಟಾರು ನನಗಿಂತ ಹತ್ತೇ ವರ್ಷ ಚಿಕ್ಕದು. ಕ್ರಾಂತಿ ಹೆಣ್ಣು ಹೆತ್ತಾಗ, ಅವರ ಮನೆಯಲ್ಲಿ ಹತ್ತು ಜನರೆದುರು ಘೋಷಿಸಿದೆ: ಶುಕ್ರವಾರ ಹೆಸರಿಡುವ ಹೊತ್ತಿಗೆ ಕೂಸು ನಾನು ಕಡೆದ ತೊಟ್ಟಿಲಲ್ಲಿ ಮಲಗುತ್ತದೆ.

“ನಡುವ ಮೋಟಾರ್ ಕೈ ಕೊಟ್ರ?” ಅಂದ ಹುಲುಗಪ್ಪ.

“ನಿನ್ನನ್ನಂತೂ ಕರಿಯಂಗಿಲ್ಲ ಬಿಡು. ನೀ ಕುಂತು ತೊಟ್ಟಿಲು ತೂಗು.”

ಕರೆಯುವಂತೆಯೂ ಇರಲಿಲ್ಲ. ಮೊದಲ ಎದೆನೋವಿನ ನಂತರ ಡಾಕ್ಟರು ಕೆಲಸ ಬಿಡಿಸಿದ್ದರು. ಕ್ರಾಂತಿ ಅಪ್ಪನ ಟೂಲ್ ಚೀಲವನ್ನು ಜೋಳದ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದಳು.

ಮಂಗಳವಾರದ ಹೊತ್ತಿಗೆ ತೊಟ್ಟಿಲಿನ ನಾಲ್ಕು ಕಾಲುಗಳಲ್ಲಿ ಎರಡು ಆಗಿದ್ದವು. ಮೂರನೆಯದನ್ನು ಲೇಥಿಗೆ ಏರಿಸಿದೆ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ. ಮೋಟಾರಿನ ಮೇಲೆ ಕೈಯಿಟ್ಟವನು ಆ ಕೈಯನ್ನು ಬಾಯಿಗಿಟ್ಟುಕೊಂಡೆ.

“ರೀ, ಹಂಚು ಇನ್ನಾ ಕಾದಿಲ್ಲ. ಅದರ ಮ್ಯಾಲೇ ಎರಡು ರೊಟ್ಟಿ ಹಾಕ್ಲೇನು?” ಬಾಗಿಲಲ್ಲಿ ನಿಂತು ಕೇಳಿದಳು ನನ್ನ ಹೆಂಡತಿ ಯಶೋಧಾ. “ಹುಲುಗಪ್ಪಣ್ಣಗ ಒಂದು ಮಾತು ಕೇಳ್ರಿ.”

“ಕೇಳಂಗಿಲ್ಲ. ಇದು ವಿಜ್ಞಾನದ ಪ್ರಶ್ನೆ.”

ವಿಜ್ಞಾನ ಮೊದಲು ಕಂಡೆನ್ಸರಿನ ಮೇಲೆ ಸಂಶಯ ಪಟ್ಟಿತು. ಮೋಟಾರು ತಿರುಗಲು ನೆರವಾಗುವ, ಡಬ್ಬಿಯಂಥ ಸಾಮಾನು ಅದು. ಬಜಾರಿಗೆ ಹೋಗಿ ಹಳೆಯದಕ್ಕಿಂತ ಎರಡು ಪಟ್ಟು ದೊಡ್ಡದನ್ನು ತಂದೆ. ನೆರವು ಹೆಚ್ಚಾದಷ್ಟೂ ಒಳ್ಳೆಯದಲ್ಲವೇ? ಮೋಟಾರು ಗುಂಯ್ ಎಂದು ರಾಗ ತೆಗೆದು, ಹತ್ತರ ಬದಲು ಐದೇ ನಿಮಿಷಕ್ಕೆ ಕಾದು ಕೂತಿತು. ಆಮೇಲೆ ವಿಜ್ಞಾನ ಬೇಸಿಗೆಯನ್ನು ದೂರಿತು. ಮಲಗುವ ಕೋಣೆಯ ಟೇಬಲ್ ಫ್ಯಾನು ಶೆಡ್ಡಿಗೆ ಬಂತು. ಅದರ ಗಾಳಿಗೆ ಕಟ್ಟಿಗೆಯ ಹೊಟ್ಟೆಲ್ಲ ಎದ್ದು, ಹಿತ್ತಲಲ್ಲಿ ಒಣಹಾಕಿದ್ದ ಶ್ಯಾವಿಗೆಯ ಮೇಲೆ ಮೆತ್ತಗೆ ಇಳಿಯಿತು.

“ಈ ಸಲ ಪಾಯಸಕ್ಕ ಗೋಡಂಬಿ ಬ್ಯಾಡ ಬಿಡ್ರಿ,” ಅಂದಳು ಯಶೋಧಾ. “ತೇಗದ ಪುಡಿನೇ ಬಿದ್ದೈತಿ.”

ಬುಧವಾರ ಬೆಳಿಗ್ಗೆ ಕೊನೆಯ ಅಸ್ತ್ರ ತೆಗೆದೆ. ಬೇಸಿಗೆಯಲ್ಲಿ ನೀರಿನ ಕೊಡಕ್ಕೆ ತೊಯ್ದ ಗೋಣಿಚೀಲ ಸುತ್ತುತ್ತೇವಲ್ಲ? ನೀರು ಆವಿಯಾದರೆ ತಂಪು. ನಾನೇ ನೂರು ಸಲ ಮಾಡಿದ ಪಾಠ. ಮೋಟಾರಿಗೆ ಸುತ್ತಿದೆ. ಸ್ವಿಚ್ ಒತ್ತಿದೆ. ಠಪ್! ಇಡೀ ಮನೆಯ ಕರೆಂಟು ಹೋಯಿತು. ಅಡುಗೆಮನೆಯಲ್ಲಿ ಮಿಕ್ಸಿ ಶೇಂಗಾ ಚಟ್ನಿಯನ್ನು ಅರ್ಧಕ್ಕೇ ಬಿಟ್ಟು ನಿಂತಿತು. ಯಶೋಧಾ ಬಂದು ಚೀಲ ನೋಡಿದಳು, ನನ್ನನ್ನು ನೋಡಿದಳು.

“ಜ್ವರ ಬಂದೈತಂತ ತಣ್ಣೀರು ಪಟ್ಟಿ ಹಾಕೀರೇನು?”

ಉತ್ತರಕ್ಕೆ ಕಾಯದೆ ಫೋನು ತೆಗೆದುಕೊಂಡಳು.

ಹುಲುಗಪ್ಪ ಅರ್ಧ ಗಂಟೆಯಲ್ಲಿ ಬಂದ. ಅಂಗಿಯ ಜೇಬಿನಲ್ಲಿ ಒಂದೇ ಒಂದು ಸ್ಕ್ರೂಡ್ರೈವರ್, ಪೆನ್ನು ಸಿಕ್ಕಿಸಿದ ಹಾಗೆ.

“ಕ್ರಾಂತಿಗೆ ಹೇಳಬ್ಯಾಡ ತಂಗೆವ್ವ. ಚಾ ಕುಡ್ಯಾಕ ಹೊಂಟೀನಂತ ಹೇಳಿ ಬಂದೀನಿ. ಒಂದು ಚಾ ಕೊಡು, ಹೇಳಿದ್ದು ಸುಳ್ಳಾಗಬಾರ್ದು.”

ಶೆಡ್ಡಿಗೆ ಬಂದವನೇ ಪ್ಲಗ್ ಕಿತ್ತ. ಚೀಲ ತೆಗೆದು ಹೊರಗೆಸೆದ.

“ಲೇ ಮೇಷ್ಟ್ರೇ, ಕರೆಂಟು ನಿನ್ನ ಹಿಡಿದಿದ್ರ ತೊಟ್ಟಿಲು ಬಿಟ್ಟು ಚಟ್ಟ ಕಟ್ಟಬೇಕಿತ್ತು ನಾವು.” ಸ್ಟೂಲಿನ ಮೇಲೆ ಕೂತು ಮೋಟಾರನ್ನು ಸುಮ್ಮನೆ ನೋಡಿದ. “ಇದಕ್ಕ ಎಷ್ಟು ಸಲ ಪೂಜಿ ಮಾಡೀಯ?”

ನಾನು ಎದೆಯುಬ್ಬಿಸಿದೆ. ಹನ್ನೊಂದು ಮಹಾನವಮಿ, ಒಂದೂ ತಪ್ಪಿಲ್ಲ. ಪ್ರತಿ ಸಲ ಮೈತುಂಬ ಹೊಸ ಹಸಿರು ಬಣ್ಣ, ವಿಭೂತಿ, ಕುಂಕುಮ, ಹಿಂಬದಿಗೆ ಚೆಂಡು ಹೂವಿನ ದಪ್ಪ ಹಾರ. ಅಮಾವಾಸ್ಯೆಗೊಂದು ಸಣ್ಣ ಹಾರ ಬೇರೆ.

ಅವನು ಹಿಂಬದಿಯ ಮುಚ್ಚಳ ಬಿಚ್ಚಿದ. ಒಳಗಿನ ಫ್ಯಾನು ಗಾಳಿ ಎಳೆದುಕೊಳ್ಳಲೆಂದು ಆ ಮುಚ್ಚಳದಲ್ಲಿ ಸೀಳುಗಳಿರುತ್ತವೆ. ನನ್ನವು ಹನ್ನೊಂದು ಪದರ ಬಣ್ಣದಡಿ ಮುಚ್ಚಿಹೋಗುತ್ತ ಬಂದಿದ್ದವು. ಮುಚ್ಚುವ ಮೊದಲು ಒಳಗೆ ಹೋದದ್ದೆಲ್ಲ ಈಗ ಉದುರಿತು: ಒಣ ಹೂವಿನ ಎಸಳು, ಅಕ್ಷತೆ, ಗಟ್ಟಿಯಾದ ಕುಂಕುಮ, ಹೊಟ್ಟು, ಊದಿನಕಡ್ಡಿಯ ತುಂಡು. ಯಶೋಧಾ ಮೊರ ತಂದು ತುಂಬಿದಳು.

“ಉಸಿರಾಡಾಕ ಬಿಡದಂಗ ಭಕ್ತಿ ಮಾಡೀಯಲ್ಲಲೇ,” ಅಂದ ಹುಲುಗಪ್ಪ. “ಇಪ್ಪತ್ತಾರು ವರ್ಷ ಹುಡುಗ್ರಿಗೆ ಏನು ಕಲಿಸಿದಿ?”

“ಮೋಟಾರಿನ ತತ್ವ.”

“ಅದರಾಗ ಗಾಳಿ ವಿಷಯ ಬರಂಗಿಲ್ಲೇನು?”

“ಪರೀಕ್ಷೆಗೆ ಬರ್ತಿರ್ಲಿಲ್ಲ.”

ಯಶೋಧಾ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

ಅವನು ಕೂತು ಹೇಳಿದ, ನಾನು ಬ್ಲೇಡು ಹಿಡಿದು ಬಣ್ಣ ಕೆರೆದೆ. ಹಳೇ ಕಂಡೆನ್ಸರ್ ವಾಪಸು ಬಂತು. ಮೋಟಾರನ್ನು ಮಧ್ಯಾಹ್ನದವರೆಗೆ ಬಿಸಿಲಿಗಿಟ್ಟು ಒಣಗಿಸಿದೆವು. ಆಮೇಲೆ ಅರ್ಧ ಗಂಟೆ ಓಡಿಸಿ, ಅದರ ಮೇಲೆ ಅಂಗೈಯ ಹಿಂಬದಿ ಇಟ್ಟ. ಇಟ್ಟ ಕೈ ತೆಗೆಯಲಿಲ್ಲ.

“ಕೂಸಿನ ಮೈಯಷ್ಟು ಬೆಚ್ಚಗೈತಿ,” ಅಂದ.

ಶುಕ್ರವಾರ ತೊಟ್ಟಿಲು ಅವರ ಮನೆ ಸೇರಿತು. “ಕಾಕಾ, ಮೋಟಾರ್ ಕೆಟ್ಟಿತ್ತಂತಲ್ಲ, ಯಾರು ನೋಡಿದ್ರು?” ಎಂದು ಕ್ರಾಂತಿ ಕೇಳಿಯೇಬಿಟ್ಟಳು. ಅದೇ ಹತ್ತು ಜನ ನನ್ನ ಕಡೆ ತಿರುಗಿದರು.

“ಮೇಷ್ಟ್ರು ಪುಸ್ತಕ ಓದಿ ತಾವೇ ಮಾಡ್ಕೊಂಡ್ರು,” ಅಂದ ಹುಲುಗಪ್ಪ. ನನ್ನ ಕಡೆ ನೋಡದೆ ಮೊಮ್ಮಗಳನ್ನು ತೂಗುತ್ತಿದ್ದ.

ಅದಾಗಿ ಹದಿನೇಳು ದಿನಕ್ಕೆ ಹೋದ. ಆ ಹದಿನೇಳು ದಿನ ಕ್ರಾಂತಿ ಅವನಿಗೆ ಯಾವ ಸಾಮಾನೂ ಮುಟ್ಟಗೊಡಲಿಲ್ಲ. ಹಾಗಾಗಿ ಅವನ ಕೈ ಮಾಡಿದ ಕೊನೆಯ ಕೆಲಸ ಆ ಬುಧವಾರದ್ದೇ. ಅಂದು ಮನೆಗೆ ಹೊರಟವನು ಶೆಡ್ಡಿನ ಬಾಗಿಲಿನಿಂದ ತಿರುಗಿ ಬಂದು, ನನ್ನ ಸುತ್ತಿಗೆ, ಒಂದು ಮೊಳೆ ಇಸಿದುಕೊಂಡ. ನಾನು ಹೊಡೆಯುತ್ತೇನೆಂದರೆ ಕೊಡಲಿಲ್ಲ. ಮೋಟಾರಿಗಿಂತ ಎರಡು ಮೊಳ ಮೇಲೆ, ಗೋಡೆಗೆ ನಿಧಾನ ನಾಲ್ಕು ಏಟು ಹೊಡೆದ.

“ಇನ್ಮ್ಯಾಲ ಹೂವಿನ ಹಾರ ಇಲ್ಲಿ ಹಾಕು.”

ಆಮೇಲೆ ಮೊಳೆಯನ್ನು ಎರಡು ಬೆರಳಲ್ಲಿ ಹಿಡಿದು, ಗಟ್ಟಿ ಐತೋ ಇಲ್ಲೋ ಎಂದು ಒಮ್ಮೆ ಎಳೆದು ನೋಡಿದ.