ಹನ್ನೊಂದನೆಯ ಶಿಷ್ಯ

ಯೇಸುಸ್ವಾಮಿಯನ್ನು ನಂಬುವುದು ನನಗೆ ಎಂದೂ ಕಷ್ಟವಾಗಿಲ್ಲ. ಅವರ ಶಿಷ್ಯನಾಗಿರುವುದೇ ತಾಪತ್ರಯ. ನಂಬುವುದಕ್ಕೆ ಭಾನುವಾರ ಒಂದು ಗಂಟೆ ಸಾಕು. ಶಿಷ್ಯನಾದವನಿಗೆ ಸೋಮವಾರದಿಂದ ಶನಿವಾರದವರೆಗೂ ಕೆಲಸ. ಶತ್ರುಗಳನ್ನು ಪ್ರೀತಿಸಬೇಕು ಎಂದು ಪ್ರಸಂಗದಲ್ಲಿ ಕೇಳಿದಾಗಲೆಲ್ಲ ನಾನು ತಲೆಯಾಡಿಸುತ್ತೇನೆ. ಮುಖ ಕಾಣದ, ಹೆಸರು ಗೊತ್ತಿಲ್ಲದ ಶತ್ರುಗಳನ್ನು ಎಷ್ಟು ಜನ ಬೇಕಾದರೂ ಪ್ರೀತಿಸಬಲ್ಲೆ. ಕಷ್ಟವಿರುವುದು ಭಾಮೈದನನ್ನು ಪ್ರೀತಿಸುವುದರಲ್ಲಿ. ಯೇಸುವಿನ ಮೊದಲ ಶಿಷ್ಯ ಪೇತ್ರನಿಗೆ ಅತ್ತೆ ಇದ್ದದ್ದು ಶುಭಸಂದೇಶದಲ್ಲಿದೆ. ಭಾಮೈದ ಇದ್ದನೋ ಇಲ್ಲವೋ ಬರೆದಿಲ್ಲ. ಇದ್ದು, ಅವನ ಜೊತೆ ಪೇತ್ರ ಹೇಗೆ ಏಗಿದ ಎಂದು ನಾಲ್ಕು ಸಾಲು ಬರೆದಿದ್ದರೆ ನನ್ನಂಥವರಿಗೆ ಒಂದು ದಾರಿಯಾಗುತ್ತಿತ್ತು.

ನಾನು ದರ್ಜಿ. ಅಂಗಡಿ ಹುಣಸೂರಿನಲ್ಲಿ, ಮನೆ ಗಾವಡಗೆರೆ ಕಡೆಯ ಒಂದು ಹಳ್ಳಿಯಲ್ಲಿ. ನನ್ನ ಹೆಂಡತಿ ಫಿಲೋಮಿನಳ ತವರು ಅದೇ ಊರಿನ ಕೆರೆಯಾಚೆ. ಅಲ್ಲಿರುವ ಅವಳ ತಮ್ಮ ಚೌರಪ್ಪ ಹೊಗೆಸೊಪ್ಪಿನ ಬೇಸಾಯಗಾರ. ಮೂರು ವರ್ಷದ ಹಿಂದೆ ಅವನು ಮಗಳ ಮದುವೆ ಮಾಡಿದ. ಅಕ್ಕನ ಮನೆಗೆ ಬಂದು, ತಟ್ಟೆಯಲ್ಲಿ ಎಲೆಅಡಿಕೆ ಇಟ್ಟು ಕರೆಯಬೇಕಾದವನು ಮದುವೆ ಪತ್ರಿಕೆಯನ್ನು ನನ್ನ ಮೊಬೈಲಿಗೆ ವಾಟ್ಸಾಪ್ ಮಾಡಿದ. ಕೆಳಗೆ ಎರಡು ಕೈ ಮುಗಿದ ಚಿತ್ರ. ಹೊಲಕ್ಕೂ ಛತ್ರಕ್ಕೂ ಓಡಾಡಿ ಅವನಿಗೆ ಪುರಸೊತ್ತಿರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಅಷ್ಟು ಹೊತ್ತಿಗೆ ನಾನು ಮದುವೆಗೆ ಹೋಗದೆ, ಅವನ ಜೊತೆ ಮಾತೂ ಬಿಟ್ಟಾಗಿತ್ತು. ಫಿಲೋಮಿನ ಜಗಳವಾಡಲಿಲ್ಲ. "ಅವ್ನದು ತಪ್ಪೇ ಬುಡಿ. ಆದ್ರೆ ನೀವು ಮೆಟ್ಲು ತುಳೀದೆ ಇರೋ ಮನೆಗೆ ನಾನು ಎಂಗೋಗ್ಲಿ?" ಎಂದು ಒಂದೇ ಸಲ ಕೇಳಿದಳು. ತವರಿನ ಹಿತ್ತಲಲ್ಲಿ ನುಗ್ಗೇಮರ ಕಾಯಿ ಬಿಟ್ಟು ಬಾಗಿದ್ದರೂ ಹುಣಸೂರಿನ ಸಂತೆಯಲ್ಲಿ ನುಗ್ಗೇಕಾಯಿ ಕೊಳ್ಳತೊಡಗಿದಳು. ಆ ಸಾರನ್ನು ನಾನು ಎರಡು ವರ್ಷ ತಲೆ ತಗ್ಗಿಸಿಕೊಂಡೇ ಉಂಡೆ.

ಹೀಗಿರುವಾಗ ಹೋದ ವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಚರ್ಚಿನ ಉಪದೇಶಿಗಳು ಬಂದು, ಪವಿತ್ರ ಗುರುವಾರ ಕಾಲು ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ನನ್ನ ಹೆಸರೂ ಇದೆ ಎಂದರು. ಯೇಸು ಕೊನೆಯ ಊಟದ ದಿನ ಶಿಷ್ಯರ ಕಾಲು ತೊಳೆದ ನೆನಪಿಗೆ ಅಂದು ಸಂಜೆ ಫಾದರ್ ಊರಿನ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಒಂದು ಗುಟ್ಟು ಹೇಳುತ್ತೇನೆ. ಫಾದರ್ ಕಾಲು ತೊಳೆಯುವುದಕ್ಕೆ ಮುಂಚೆಯೇ ನಾವು ಹನ್ನೆರಡು ಜನವೂ ನಮ್ಮ ನಮ್ಮ ಬಚ್ಚಲಲ್ಲಿ ತೊಳೆದಿರುತ್ತೇವೆ. ಸಂತೆಗೆ ಹೊರಟ ಎತ್ತಿನ ಮೈಯನ್ನೂ ಯಾರೂ ಅಷ್ಟು ಉಜ್ಜುವುದಿಲ್ಲ. ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದ ನನ್ನ ಹಿಮ್ಮಡಿ ಬಿರುಕು ಬಿಟ್ಟಿತ್ತು. ಬಿಸಿನೀರು, ಕಲ್ಲು, ಕೊಬ್ಬರಿ ಎಣ್ಣೆ ಎಂದು ಮೂರು ದಿನ ಒದ್ದಾಡಿದೆ. ಚರ್ಚಿನಲ್ಲಿ ತೊಳೆಯುವುದು ಬಲಗಾಲು ಮಾತ್ರವಾದ್ದರಿಂದ ನಾನೂ ಬಲಗಾಲನ್ನು ಮಾತ್ರ ಉಜ್ಜಿದೆ. ಎಡಗಾಲು ಏನು ಪಾಪ ಮಾಡಿತ್ತು ಎಂದು ಫಿಲೋಮಿನ ಕೇಳಿದಳು. ಅದನ್ನು ಯಾರು ನೋಡುತ್ತಾರೆ ಎಂದೆ.

ಗುರುವಾರ ಸಂಜೆ ಪೀಠದ ಮುಂದೆ ಹನ್ನೆರಡು ಕುರ್ಚಿ. ನನ್ನದು ಹನ್ನೊಂದನೆಯದು. ಹನ್ನೆರಡನೆಯವರು ಕೊನೇ ಗಳಿಗೆಯಲ್ಲಿ ಮೈಸೂರಿನಲ್ಲಿ ಸಿಕ್ಕಿಕೊಂಡರಂತೆ. ಉಪದೇಶಿಗಳು ಹಿಂದಿನ ಬೆಂಚಿನಿಂದ ಒಬ್ಬನನ್ನು ಕೈಹಿಡಿದು ತಂದು ನನ್ನ ಪಕ್ಕ ಕೂರಿಸಿದರು. ಚೌರಪ್ಪ! ಹೊಗೆಸೊಪ್ಪಿನ ಸಸಿಮಡಿಗೆ ನೀರು ಹಾಯಿಸಿ ನೇರ ಬಂದಿದ್ದ. ಕಾಲಿಗೆ ಮೊಣಕಾಲಿನವರೆಗೂ ಕೆಮ್ಮಣ್ಣು. ನಾನು ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡೆ. ಯೇಸುವನ್ನು ಹಿಡಿದುಕೊಟ್ಟ ಯೂದಾಸನ ಪಕ್ಕದಲ್ಲಿ ಕೂತವನಿಗೂ ಹೀಗೇ ಆಗಿರಬೇಕು ಎಂದುಕೊಂಡೆ.

ಫಾದರಿಗೆ ವಯಸ್ಸಾಗಿದೆ, ಮಂಡಿನೋವಿದೆ. ಆದರೂ ಒಬ್ಬೊಬ್ಬರ ಮುಂದೆಯೂ ಮೊಣಕಾಲೂರಿ ತೊಳೆಯುತ್ತಾ ಬಂದರು. ನನ್ನ ಹೊಳೆಯುವ ಕಾಲಿಗೆ ನೀರು ಹಾಕಿ ಒರೆಸಿದರು. ಆಮೇಲೆ ಏಳಲಾಗಲಿಲ್ಲ. ಇಬ್ಬರು ಹಿಡಿದೆತ್ತಿ ಕುರ್ಚಿಯಲ್ಲಿ ಕೂರಿಸಿದರು. ಇಡೀ ಚರ್ಚು ಕಾಯುತ್ತಿತ್ತು. ಉಳಿದದ್ದು ಒಂದೇ ಕಾಲು. ಫಾದರ್ ಸುತ್ತ ನೋಡಿ ಹೆಗಲ ಮೇಲಿನ ಟವಲನ್ನು ನನ್ನ ಕಡೆ ಚಾಚಿದರು. "ಒಬ್ಬರ ಕಾಲು ಒಬ್ಬರು ತೊಳೀಬೇಕು ಅಂತ ಈಗ ತಾನೆ ಓದಿದ್ವಲ್ಲ. ತಗೊಳ್ಳಿ," ಎಂದರು.

ನಮ್ಮ ಸುತ್ತಿನ ಊರುಗಳ ಮದುವೆಯಲ್ಲಿ ಹೆಣ್ಣಿನ ಕಡೆಯವರು ಅಳಿಯನ ಕಾಲು ತೊಳೆಯುತ್ತಾರೆ. ಅಳಿಯ ಬಗ್ಗಿ ಭಾಮೈದನ ಕಾಲು ತೊಳೆದದ್ದನ್ನು ನಾನಂತೂ ಕಂಡಿಲ್ಲ. ಫಿಲೋಮಿನ ಹೆಂಗಸರ ಸಾಲಿನಲ್ಲಿ ಸೆರಗನ್ನು ಬಾಯಿಗೊತ್ತಿಕೊಂಡು ನೋಡುತ್ತಿದ್ದಳು. ಅವಳ ಮುಖ ನೋಡಿದ ಮೇಲೆ ಓಡಿಹೋಗುವಂತಿರಲಿಲ್ಲ. ಮೊಣಕಾಲೂರಿದೆ. ನೀರು ಹಾಕಿದಷ್ಟೂ ಕೆಮ್ಮಣ್ಣು ಬಿಟ್ಟಿತು. ಮಣ್ಣು ಹೋದ ಮೇಲೆ ಹೆಬ್ಬೆರಳಿನ ಸೊಟ್ಟ ಉಗುರು ಕಾಣಿಸಿತು. ನಮ್ಮ ಮದುವೆಯ ದಿನ ಅಕ್ಕನ ಟ್ರಂಕನ್ನು ಗಾಡಿಗೇರಿಸಲು ಹೋಗಿ ಕಾಲ ಮೇಲೆ ಬೀಳಿಸಿಕೊಂಡಿದ್ದ. ರಕ್ತ ಸುರಿಯುತ್ತಿದ್ದರೂ ಗಾಡಿ ಹೊರಡುವವರೆಗೆ ನಗುತ್ತಲೇ ನಿಂತಿದ್ದ. ನನಗೆ ಬಹಳ ನಾಚಿಕೆಯಾಯಿತು. ತಲೆಯೆತ್ತದೆ ಒರೆಸಿ ಏಳುವಷ್ಟರಲ್ಲಿ ಅವನು ಎಡಗಾಲನ್ನೂ ಮೆಲ್ಲಗೆ ಮುಂದಿಟ್ಟ. "ಭಾವ, ಇದೂ ಐತಲ್ಲ, ಇದ್ನೂ ತೊಳ್ದ್‌ಬುಡಿ."

ಎರಡು ವರ್ಷದ ಮೇಲೆ ಅವನಾಡಿದ ಮೊದಲ ಮಾತು ಅದು. ತೊಳೆದೆ.

ಅಂದಿನಿಂದ ಊರಿನವರು ನನ್ನನ್ನು ಸಂತನನ್ನು ನೋಡಿದಂತೆ ನೋಡತೊಡಗಿದರು. ನನಗೆ ಬೇರೆ ದಾರಿಯೇ ಇರಲಿಲ್ಲ ಎಂಬುದು ಫಾದರಿಗೂ ನನಗೂ ಮಾತ್ರ ಗೊತ್ತು. ಈಸ್ಟರ್ ಕಳೆದ ವಾರ ಚೌರಪ್ಪ ತಟ್ಟೆಯಲ್ಲಿ ಎಲೆಅಡಿಕೆ, ಕಂಕುಳಲ್ಲಿ ಒಂದು ಕಟ್ಟು ನುಗ್ಗೇಕಾಯಿ ಇಟ್ಟುಕೊಂಡು ನಮ್ಮ ಬಾಗಿಲಿಗೆ ಬಂದ. ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಕರೆಯಲು. ಫಿಲೋಮಿನ ಕಾಲಿಗೆ ನೀರು ತಂದು ಚೊಂಬನ್ನು ನನ್ನ ಕೈಗೇ ಕೊಟ್ಟಳು. ಅದನ್ನು ಚೌರಪ್ಪನ ಕೈಗೆ ದಾಟಿಸಿಬಿಡೋಣ ಎಂದು ನೋಡಿದರೆ ಅವನ ಎರಡು ಕಾಲೂ ಹಿಮ್ಮಡಿಯವರೆಗೆ ಉಜ್ಜಿ ಬೆಳ್ಳಗಾಗಿದ್ದವು. "ತೊಳ್ಕೊಂಡೇ ಬಂದೆ ಭಾವ. ನೀವೆಲ್ಲಿ ಮತ್ತೆ ಬಗ್ಗಿಬುಡ್ತೀರೋ ಅಂತ ಭಯ ಆಯ್ತು," ಎಂದ. ಅಂಥ ಯೋಚನೆಯೇ ನನಗಿರಲಿಲ್ಲ. ಚೊಂಬನ್ನು ಮೆಲ್ಲಗೆ ಕೆಳಗಿಟ್ಟೆ. ಫಿಲೋಮಿನ ಆಗಲೇ ನುಗ್ಗೇಕಾಯಿ ಹೆಚ್ಚಲು ಕೂತಿದ್ದಳು, ಒಬ್ಬಳೇ ನಗುತ್ತಾ.

ಈ ವರ್ಷವೂ ಉಪದೇಶಿಗಳು ಬಂದಿದ್ದರು. ಹನ್ನೊಂದನೆಯ ಕುರ್ಚಿಗೆ ನಿಮಗಿಂತ ತಕ್ಕವರಿಲ್ಲ ಎಂದು ಹೊಗಳಿದರು. ನಾನು ಮಾತು ಬಿಟ್ಟವರು ಊರಿನಲ್ಲಿ ಇನ್ನೂ ಮೂವರಿದ್ದಾರೆ. ಬರುವುದಕ್ಕೇನೂ ಅಡ್ಡಿಯಿಲ್ಲ, ಹನ್ನೆರಡನೆಯ ಕುರ್ಚಿಯಲ್ಲಿ ಕೂರುವವರು ಯಾರು ಎಂದು ಮೊದಲು ಹೇಳಿ ಎಂದೆ.